ಕೆಂಡ ನಿಂತ ಮನೆ

ಮಧುಗಿರಿ
ಪ್ರಮಾಥಿ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ಶುಕ್ರವಾರ
1–12–1939

ಚಿ. ಸೌ. ಜಗದಾಂಬಳಿಗೆ,

ನಿನ್ನ ತಾಯಿ ಶಿವರುದ್ರಮ್ಮ ಮಾಡುವ ಆಶೀರ್ವಾದ. ನಾನು ಕ್ಷೇಮವಾಗಿದ್ದೇನೆ. ನಿನ್ನ ಕ್ಷೇಮವನ್ನು ಊರವರ ಬಾಯಿಂದ ಕೇಳಿ ತಿಳಿಯುವ ಹಾಗಾಗಿದೆ. ಕಾಗದ ತಡವಾಯಿತೆಂದು ಬೇಸರಪಡಬೇಡ. ಯುಗಾದಿಗೆ ಒಂದು, ಗೌರಿ ಹಬ್ಬಕ್ಕೆ ಒಂದು ಬರೆದು ಟಪಾಲಿಗೆ ಹಾಕಿದ್ದೆ. ಎರಡೂ ಒಡೆಯದೆ ಹಾಗೇ ವಾಪಸು ಬಂದವು. ಮೇಲೆ ‘ಬೇಡ’ ಎಂದು ನಿನ್ನ ಗಂಡ ಶಂಕರಲಿಂಗಪ್ಪನ ಅಕ್ಷರ. ಆಮೇಲೆ ನನಗೂ ಸಿಟ್ಟು ಬಂತು, ಸುಮ್ಮನಾದೆ. ಈಗ ಸುಮ್ಮನಿರಲಾರೆ. ಸಿರಾದ ದಾದಿ ಗಂಗಲಕ್ಷ್ಮಮ್ಮ ನಿಮ್ಮ ತಾವರೆಕೆರೆ ಕಡೆಗೆ ಹೊರಟಿದ್ದಾಳೆ, ಇದನ್ನು ನಿನ್ನ ಕೈಗೇ ಕೊಡುತ್ತೇನೆಂದಿದ್ದಾಳೆ. ಹಿತ್ತಿಲಲ್ಲಿ ಕೂತು ಓದು. ಹೆಂಗಸರಿಗೆ ಅಕ್ಷರ ಯಾಕೆ ಎಂದು ನಿಮ್ಮ ಮಠದ ಅಯ್ಯ ಮಹಾಲಿಂಗಯ್ಯನವರು ಹೇಳುತ್ತಿದ್ದಾಗ, ಅಡುಗೆಮನೆಯ ನೆಲದ ಮೇಲೆ ಬೂದಿ ಹರಡಿ ನಿನ್ನ ಬೆರಳು ಹಿಡಿದು ತಿದ್ದಿಸಿದವಳು ನಾನು. ಅದಕ್ಕಾದರೂ ಓದು.

ನಾನೀಗ ಕೋಟೆ ಕೆಳಗಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಪಕ್ಕದ ಮನೆ ಪಾವಗಡದ ಆಂಜಿನಮ್ಮನದು. ಪುರಿ ಭಟ್ಟಿ ಇಟ್ಟುಕೊಂಡಿದ್ದಾಳೆ. ಅವಳು ಪುರಿ ಹುರಿಯುತ್ತಾಳೆ, ನಾನು ಕಡಲೆ ಹುರಿಯುತ್ತೇನೆ. ಇಪ್ಪತ್ತು ವರ್ಷ ಈ ಊರಿನಲ್ಲಿ ಮಠದ ಕೆಂಡದ ಮಡಕೆ ಹೊತ್ತು ಮನೆಮನೆಗೆ ಹಂಚಿದವಳು ಭಟ್ಟಿಯ ಮುಂದೆ ಕೂತಿದ್ದೇನೆಂದು ಮಠದ ಒಕ್ಕಲಿನವರಿಗೆ ನಗು. ನಗಲಿ. ಮೊನ್ನೆ ಯಾರೋ ಬಾಗಿಲಿಗೆ ಸಗಣಿ ಎರಚಿ ಹೋಗಿದ್ದರು. ನಾನು ಬೈಯಲು ಬಾಯಿ ತೆಗೆದರೆ ಆಂಜಿನಮ್ಮ, “ಊರ್ಕೋ ಅಕ್ಕಾ, ಸುಮ್ಕಿರು, ಯಾಕೆ ಬೈತೀಯ? ಸಾರ್ಸೋ ಕೆಲ್ಸ ಅರ್ಧ ಅವರೇ ಮಾಡವ್ರೆ” ಎಂದು ನೀರು ಚೆಲ್ಲಿ ಅದನ್ನೇ ಹರಡಿ ಸಾರಿಸಿಬಿಟ್ಟಳು. ಅವಳಿಗೆ ದೇವರು ನಗುವ ಬುದ್ಧಿ ಕೊಟ್ಟಿದ್ದಾನೆ. ನನಗೆ ಕೊಟ್ಟಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಸೋಮವಾರ ನಿನ್ನ ಸೋದರಮಾವ ವೃಷಭೇಂದ್ರಪ್ಪ ಬಂದಿದ್ದ. ಒಡಹುಟ್ಟಿದ ಅಣ್ಣ ಹೊಸ್ತಿಲು ದಾಟಲಿಲ್ಲ. ನೀರು ಕೊಟ್ಟರೆ, “ಬ್ಯಾಡ ಬುಡು, ನಿನ್ನ ಮನೇದು ಮಠದ ಕೆಂಡ ಅಲ್ಲ, ಹೊರಗಿನ ಬೆಂಕಿ” ಎಂದ. ಕುಡಿಯುವ ತಣ್ಣೀರಿಗೂ ಬೆಂಕಿಗೂ ಏನು ಸಂಬಂಧ ಎಂದು ಕೇಳಿದೆ. ನಿನಗೆ ಏಳು ತಿಂಗಳು ತುಂಬಿತೆಂದು ಅವನಿಂದಲೇ ತಿಳಿದದ್ದು. ಕೇಳಿ ಸಂತೋಷವಾಯಿತು. ಸಂತೋಷದ ಹಿಂದೆಯೇ ತಿಂಗಳು ಎಣಿಸಿದೆ. ಈ ಸಲವೂ ಹೆರಿಗೆ ಚಳಿಯಲ್ಲೇ.

ಅವನು ಹೊತ್ತುತಂದ ಮಾತು ಇದು. ಅಮಲ್ದಾರರ ಮುಂದೆ ಮಠದ ಮೇಲೆ ನಾನು ಕೊಟ್ಟ ಹೇಳಿಕೆಯನ್ನು ವಾಪಸು ತೆಗೆದುಕೊಳ್ಳಬೇಕಂತೆ. ಕೆಂಡಗುಡ್ಡದ ಮಠದ ಅಂಗಳದಲ್ಲಿ ನಿಂತು, ‘ನಾನು ಗೀರಿದ ಕಡ್ಡಿಯಿಂದ ಮೊಮ್ಮಗ ಹೋದ’ ಎಂದು ಎಲ್ಲರೆದುರು ಹೇಳಬೇಕಂತೆ. ಹಾಗೆ ಹೇಳಿದರೆ ನಿನ್ನನ್ನು ಬಾಣಂತನಕ್ಕೆ ನನ್ನ ಮನೆಗೆ ಕಳಿಸುತ್ತಾರಂತೆ. ಗಂಡನ ಮನೆಯ ಒಲೆ ಬಿಟ್ಟು ತವರಿಗೆ ಹೋಗಬಾರದೆಂಬ ಒಕ್ಕಲಿನ ಕಟ್ಟಳೆಯನ್ನು ನಿನ್ನೊಬ್ಬಳಿಗಾಗಿ ಸಡಿಲಿಸುತ್ತಾರಂತೆ.

“ಒಂದ್ ಮಾತು ಕಣ್ ರುದ್ರಿ. ಹೇಳ್ಬುಟ್ರೆ ನಿನ್ನ ಗಂಟೇನ್ ಹೋಯ್ತದೆ? ಮಗಳು ಮನೆಗೆ ಬತ್ತಾಳೆ” ಎಂದ.

“ಅಣ್ಣ, ಮಠದಾಗೆ ಹಬ್ಬದ ದಿನ ಪೆಟ್ರೋಮ್ಯಾಕ್ಸ್ ದೀಪ ಹಚ್ತೀರಲ್ಲ, ಅದನ್ನ ಕೆಂಡದಾಗೆ ಹಚ್ತೀರಾ?” ಎಂದು ಕೇಳಿದೆ.

ಹೇಗೆ ಹಚ್ಚುತ್ತಾರೆಂದು ನನಗೆ ಗೊತ್ತು, ಅವನಿಗೂ ಗೊತ್ತು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಸ್ಪಿರಿಟ್ಟು ಸುರಿದು, ಕಡ್ಡಿ ಗೀರಿ. ಅದು ಹೊರಗಿನ ಬೆಂಕಿಯಲ್ಲ. ಮಹಾಲಿಂಗಯ್ಯನವರ ಮುಖದ ಮೇಲೆ ಬೀಳುವ ಬೆಳಕಿಗೆ ಮೈಲಿಗೆಯಿಲ್ಲ. ಹೆರುವ ಹೆಂಗಸಿನ ಕತ್ತರಿ ಕುದಿಸುವ ಬೆಂಕಿಗೆ ಮಾತ್ರ ಇದೆ.

ಜಗದಾಂಬ, ಅಂದು ಏನು ನಡೆಯಿತೆಂದು ನಿನಗೆ ನಾನು ಹೇಳಬೇಕೇ? ಹೇಳಬೇಕು. ನಿನಗೆ ಅವರು ಬೇರೆ ಕಥೆ ಹೇಳಿ ಹೇಳಿ ಅದೇ ನಿಜವಾಗಿದೆ.

ಹೋದ ಪುಷ್ಯದಲ್ಲಿ ನಿನಗೆ ನೋವು ಬಂದು, ಮಗು ಅಡ್ಡ ಬಿದ್ದು, ನಿನ್ನ ಜೀವಕ್ಕೇ ಕುತ್ತು ಬಂದಿತ್ತು. ಶಂಕರಲಿಂಗಪ್ಪ ಹೆದರಿ, ಸಿರಾಕ್ಕೆ ಗಾಡಿ ಕಟ್ಟಿಕೊಂಡು ಹೋಗಿ ಗಂಗಲಕ್ಷ್ಮಮ್ಮನನ್ನು ಕರೆತಂದ. ಅವನು ಅವನ ಜನ್ಮದಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಕೆ ತನ್ನ ಸ್ಪಿರಿಟ್ ಒಲೆಗೆ ಕಡ್ಡಿ ಗೀರಿ, ಕತ್ತರಿ, ದಾರ ಕುದಿಸಿ, ಮಗುವನ್ನು ತಿರುಗಿಸಿ ತೆಗೆದಳು. ನೀನು ಉಳಿದೆ. ಗಂಡುಮಗು ಹುಟ್ಟಿ ಚೆನ್ನಾಗಿ ಅತ್ತಿತಂತೆ. ಬೆಳಿಗ್ಗೆ ಮಠದಿಂದ ಜನ ಬಂದರು. ಹೊರಗಿನ ಬೆಂಕಿ ಮನೆ ಹೊಕ್ಕಿದೆ ಎಂದು ನಿಮ್ಮ ಒಲೆಗೆ ಕೊಡಗಟ್ಟಲೆ ನೀರು ಸುರಿದು, ಮಠದ ಅಪ್ಪಣೆ ಬಂದು ಶುದ್ಧಿಯಾಗುವವರೆಗೆ ಕೆಂಡ ನಿಲ್ಲಿಸಿದರು.

ಕೆಂಡ ನಿಲ್ಲಿಸುವುದೆಂದರೆ ಏನೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಪ್ರತಿ ಸೋಮವಾರ ಮನೆಯ ಒಲೆ ಆರಿಸಿ, ಮಠದ ಹೊಂಡದಿಂದ ಬಂದ ಕೆಂಡದಲ್ಲೇ ಮತ್ತೆ ಹೊತ್ತಿಸಬೇಕು, ಬೆಂಕಿಪೊಟ್ಟಣ ಮನೆಯೊಳಗೆ ಬರಬಾರದು ಎಂದರೆ ನಗುತ್ತಾರೆ. ನಾವು ನಗಲಿಲ್ಲ, ಹೆಮ್ಮೆಪಟ್ಟೆವು. ಎಲ್ಲರ ಮನೆಯ ಬೆಂಕಿ ಒಂದೇ, ಎಲ್ಲರೂ ಒಂದೇ ಎಂದೆವು. ಆ ಒಂದು ಬೆಂಕಿಯ ಕೀಲಿ ಒಬ್ಬನ ಸೊಂಟದಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅವನ ಮಾತಿಗೆ ಎದುರಾಡಿದರೆ ಕೆಂಡವಿಲ್ಲ. ಕೆಂಡವಿಲ್ಲದಿದ್ದರೆ ಹಿಟ್ಟಿಲ್ಲ, ನೀರು ಕಾಯುವುದಿಲ್ಲ, ಅಕ್ಕಪಕ್ಕದವರೂ ಒಕ್ಕಲಿನವರೇ ಆದ್ದರಿಂದ ಕೊಡುವವರೂ ಇಲ್ಲ. ಕೋಲು ಹಿಡಿದು ಹೊಡೆಯಬೇಕಾದ ಅಗತ್ಯವೇ ಇಲ್ಲ ಅವನಿಗೆ.

ನಿನಗೆ ನೋವು ಬಂದ ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಸಿರಾಕ್ಕೆ, ಅಲ್ಲಿಂದ ಗಾಡಿಯಲ್ಲಿ ನಿಮ್ಮೂರಿಗೆ ಬಂದಾಗ ಬಿಸಿಲೇರಿತ್ತು. ಒಳಗೆ ಮಾತ್ರ ಬಾವಿಯೊಳಗಿನ ಚಳಿ. ನೀನು ಒದ್ದೆ ಸೀರೆಯಲ್ಲಿ ನಡುಗುತ್ತಿದ್ದೆ. ಬಾಣಂತಿಗೆ ಅಗ್ಗಿಷ್ಟಿಕೆಯಿಲ್ಲ, ಒಂದು ಚೊಂಬು ಬಿಸಿನೀರಿಲ್ಲ. ಮಗುವಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಿನ್ನ ಗಂಡ ಜಗಲಿಯ ಮೇಲೆ ಕೂತಿದ್ದ.

“ಒಲೆ ಹಚ್ಚೋ” ಎಂದೆ.

“ಅಪ್ಪಣೆ ಆಗಿಲ್ಲತ್ತೆ” ಎಂದ. “ಅಯ್ಯನೋರು ಸಂಜೀಕೆ ಹೇಳಿ ಕಳಿಸ್ತಾರಂತೆ.”

ಅಪ್ಪನಾದವನು ಸ್ವಂತ ಮಗುವಿಗೆ ಬಿಸಿನೀರು ಕಾಯಿಸಲು ಅಪ್ಪಣೆ ಕಾಯುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕರೆತಂದ ಗಾಡಿಯವನ ಹತ್ತಿರ ಬೀಡಿ ಹಚ್ಚುವ ಬೆಂಕಿಪೊಟ್ಟಣವಿತ್ತು. ಇಸಿದುಕೊಂಡು ಬಂದು ಗೀರಿದೆ. ಶಂಕರಲಿಂಗಪ್ಪ ಎದ್ದು ಬೀದಿಗೆ ಓಡಿದ, ತನ್ನ ಮನೆಗೆ ಕಳ್ಳ ನುಗ್ಗಿದ್ದಾನೆಂಬಂತೆ. ನೀನು ಗೋಡೆ ಕಡೆ ತಿರುಗಿ ಮಲಗಿದೆ. ನೀರು ಕಾಯಿತು. ನಿನಗೆ ಶಾಖ ಕೊಟ್ಟೆ. ನೀನು ಈಗ ಬದುಕಿರುವುದು ಅದರಿಂದ. ಮಗುವಿಗೆ ತಡವಾಗಿಹೋಗಿತ್ತು, ದೀಪ ಹಚ್ಚುವ ಹೊತ್ತಿಗೆ ಹೋಯಿತು.

ಹಿತ್ತಿಲಲ್ಲಿ ಮಣ್ಣು ಮಾಡಿ ಬಂದು ಇನ್ನೂ ಕೈ ತೊಳೆದಿರಲಿಲ್ಲ, ಮಹಾಲಿಂಗಯ್ಯನ ತೀರ್ಪು ಬಂತು. ದಾದಿಯ ಬೆಂಕಿಯನ್ನು ಮಠದ ಹೊಂಡದ ಮೂಲಜ್ಯೋತಿ ಕ್ಷಮಿಸಿತ್ತಂತೆ, ಅಜ್ಜಿಯ ಬೆಂಕಿಯನ್ನು ಕ್ಷಮಿಸಲಿಲ್ಲವಂತೆ. ಎಷ್ಟು ಸಲೀಸು ನೋಡು. ಕೊಂದವನು ನ್ಯಾಯಾಧೀಶನಾಗಿ ಕೂತ. ನಾನು ಅಲ್ಲೇ ಒಕ್ಕಲಿನ ಗುರುತಾದ ಕೊರಳ ಕೆಂಪುದಾರ ಕಿತ್ತು ಅವನ ಜನರ ಮುಂದೆ ಎಸೆದೆ. ಅಂದಿನಿಂದ ಬಾಯಿ ಮುಚ್ಚಿಲ್ಲ. ಮಧುಗಿರಿ ಸಂತೆಯಲ್ಲಿ ಹೇಳಿದ್ದೇನೆ, ಸಿರಾದಲ್ಲಿ ಅಮಲ್ದಾರರ ಮುಂದೆ ಹೇಳಿದ್ದೇನೆ, ಕೊರಟಗೆರೆಯಲ್ಲಿ ನೆಂಟರ ಮದುವೆಯ ಚಪ್ಪರದಲ್ಲಿ ಊಟದ ಪಂಕ್ತಿಯ ನಡುವೆ ಎದ್ದುನಿಂತು ಹೇಳಿದ್ದೇನೆ. ಮದುವೆಮನೆಯವರಿಗೆ ಮುಖಭಂಗವಾಯಿತು. ಅವರ ಪಾಯಸ ಆರಿದ್ದಕ್ಕೆ ನನಗೆ ವ್ಯಸನವಿಲ್ಲ. ಮಾನಗೆಟ್ಟವಳು ಎನ್ನುತ್ತಾರೆ, ತಲೆ ಕೆಟ್ಟಿದೆ ಎನ್ನುತ್ತಾರೆ. ಕೇಳಿಸಿಕೊಂಡು ಕಡಲೆ ಹುರಿಯುತ್ತೇನೆ.

ಈಗ ಅಣ್ಣನಿಗೆ ಕೊಟ್ಟ ಉತ್ತರವನ್ನು ನಿನಗೂ ಹೇಳುತ್ತೇನೆ. ನಾನು ಆ ಮಾತು ಹೇಳುವುದಿಲ್ಲ. ನಿನ್ನನ್ನು ಪಡೆಯುವುದಕ್ಕೂ ಹೇಳುವುದಿಲ್ಲ. ಅವನು ಮೆಟ್ಟಿಲಿಳಿದು ಹೋದ ಮೇಲೆ ಕರೆದುಬಿಡಲೇ ಎಂದು ಎರಡು ಸಲ ಬಾಗಿಲಿಗೆ ಬಂದೆ. ಆದರೆ ನಾನು ಒಂದು ಸಲ ‘ಹೌದು, ನನ್ನ ಬೆಂಕಿಯೇ ಕೊಂದಿತು’ ಎಂದುಬಿಟ್ಟರೆ, ಒಕ್ಕಲಿನ ಯಾವ ಮನೆಯಲ್ಲೂ ಯಾವ ತಾಯಿಯೂ ಮುಂದೆ ಕಡ್ಡಿ ಗೀರುವ ಧೈರ್ಯ ಮಾಡುವುದಿಲ್ಲ. ಮಗಳು ಕಣ್ಣೆದುರು ಹೆಪ್ಪುಗಟ್ಟುತ್ತಿದ್ದರೂ ಶಿವರುದ್ರಮ್ಮನ ಹೆಸರು ಹೇಳಿ ಕೈಕಟ್ಟಿ ಕೂರುತ್ತಾರೆ. ನಿನ್ನ ಮುಂದಿನ ಹೆರಿಗೆಯಲ್ಲೂ ಅಷ್ಟೇ. ಈ ಸಲ ನನ್ನ ಮನೆಗೆ ಕಳಿಸಿದವರು ಮರುಸಲ ಕಳಿಸುತ್ತಾರೆಯೇ?

ಆದ್ದರಿಂದ ಕೇಳು. ಅವರ ಅಪ್ಪಣೆಗೆ ಕಾಯಬೇಡ, ನೀನೇ ಎದ್ದು ಬಾ. ಎಳ್ಳಮಾವಾಸ್ಯೆಯೊಳಗೆ ಬಾ, ಆಮೇಲೆ ಗಾಡಿಯಲ್ಲಿ ಕೂರುವುದು ಕಷ್ಟ. ಗಂಗಲಕ್ಷ್ಮಮ್ಮ ಜೊತೆಗೆ ಕರೆತರುತ್ತಾಳೆ, ಸಿರಾ ಬಸ್ ನಿಲ್ದಾಣದಲ್ಲಿ ನಾನಿರುತ್ತೇನೆ. ನೀನು ಬರದಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ. ಬಾಗಿಲು ಹಾಕಿದರೆ ಜಗಲಿಯ ಮೇಲೆ, ಜಗಲಿಯಿಂದ ದಬ್ಬಿದರೆ ಬೀದಿಯಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸುತ್ತೇನೆ. ಬೀದಿ ಮಹಾಲಿಂಗಯ್ಯನದಲ್ಲ, ಮಹಾರಾಜರದು. ನಿನ್ನ ಗಂಡನಿಗೂ ಇದನ್ನು ಓದಿ ಹೇಳು. ಗಾಡಿ ಕಟ್ಟಿಕೊಂಡು ಸಿರಾಕ್ಕೆ ಓಡಿದವನು ಅವನೊಳಗೆ ಇನ್ನೂ ಇದ್ದರೆ ಅವನಿಗೆ ಕೇಳಿಸೀತು.

ಹುಣಿಸೆಹಣ್ಣು ಹೆಚ್ಚು ತಿನ್ನಬೇಡ. ಕಾಲು ಬಾತುಕೊಂಡಿದ್ದರೆ ಗಂಗಲಕ್ಷ್ಮಮ್ಮನಿಗೆ ತೋರಿಸು, ನಾಚಬೇಡ. ಹುರಿಗಡಲೆ, ಬೆಲ್ಲ ಕಳಿಸಿದ್ದೇನೆ. ಹೊರಗಿನ ಬೆಂಕಿಯಲ್ಲಿ ಹುರಿದದ್ದೆಂದು ಎಸೆದರೂ ಎಸೆ, ಒಂದು ಹಿಡಿ ತಿಂದು ಎಸೆ. ಶಿವನು ನಿನಗೆ ಸುಖಪ್ರಸವ ಕೊಡಲಿ. ಹತ್ತು ಮಕ್ಕಳ ತಾಯಾಗಿ ನೂರು ವರ್ಷ ಬೆಚ್ಚಗೆ ಬಾಳು.

ಇಂತಿ ನಿನ್ನ ತಾಯಿ,
ಶಿವರುದ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಿರಾದ ಕಚೇರಿಯಲ್ಲಿ ಮಠದ ಕಡೆ ಸಾಕ್ಷಿಯೆಂದು ಕರೆದಾಗ, ಸೆರಗು ಹೊದ್ದು ಮುಂದೆ ಬಂದವಳು ನೀನು. ಗುಮಾಸ್ತರು ನನ್ನ ಕಡೆ ಕೈ ತೋರಿಸಿ, “ಈಯಮ್ಮ ನಿನಗೇನಾಗಬೇಕಮ್ಮ?” ಎಂದರು. ನೀನು, “ಯಾರೂ ಅಲ್ಲ, ನನ್ನ ಮಗೀನ ತಿಂದೋಳು” ಎಂದೆ. ಸಗಣಿ ಎರಚಿದವರನ್ನು ನಾನು ಬೈಯಬಲ್ಲೆ. ಇದಕ್ಕೆ ಯಾರನ್ನು ಬೈಯಲಿ? ನಿನ್ನ ಬಾಯಲ್ಲಿ ಆ ಮಾತಿಟ್ಟವನನ್ನು ಸಾಯುವವರೆಗೂ ಬಿಡುವುದಿಲ್ಲ. ಆದರೆ ಮಗು ಹೋದ ದಿನ ನೀನು ಗೋಡೆ ಕಡೆ ತಿರುಗಿದ್ದೆ, ನೋಡಲಿಲ್ಲ. ಅಮಲ್ದಾರರಿಗೂ ನಾನು ಇದನ್ನು ಹೇಳಲಿಲ್ಲ, ಇದು ಕಚೇರಿಗೆ ಹೇಳುವುದಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮಗುವಿನ ಮೈ ಒತ್ತಿ ಒತ್ತಿ, ಎದೆಗೆ ಅಪ್ಪಿಕೊಂಡು ಒಲೆಯ ಮುಂದೆ ಕೂತಿದ್ದೆ. ಮಧ್ಯಾಹ್ನ ಇಳಿಯುವಾಗ ಅವನ ತುಟಿ ಕೆಂಪಾಯಿತು, ಪಾದ ಬೆಚ್ಚಗಾಯಿತು, ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಹೋದ. ಹೋಗುವಾಗ ಅವನಿಗೆ ಚಳಿಯಿರಲಿಲ್ಲ ಕಣೆ, ಜಗದಾಂಬ.