ಪಟ್ಟದಾನೆಯಲ್ಲಿ ಇನ್ನೊಬ್ಬರಿಗೆ ಜಾಗ

ಹೊಳೆದಂಡೆಯ ಬಿಚ್ಚುಮನೆ, ಹರಿಹರ
ಒಣಮಾಸದ ಮೂವತ್ತೆಂಟನೆಯ ದಿನ, ೨೧೩೮

ನನ್ನ ಅಜ್ಜಿಯ ಅಜ್ಜಿಯಾದ ಸುಮಂಗಲಾ ಹಾಲಪ್ಪನವರಿಗೆ,

೨೦೨೬ರಲ್ಲಿ ಕೂತು ಈ ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಮಗೊಂದು ತಿಂಗಳು ಹೆಚ್ಚಿಗೆ ಬಂದು ಕೂತಿದೆ. ಅದಕ್ಕೆ ಮೂವತ್ತು ದಿನದ ಕಟ್ಟುಪಾಡಿಲ್ಲ, ಬಿಸಿಲು ಕೈಬಿಡುವ ತನಕ ನಡೆಯುತ್ತದೆ. ಅದನ್ನೇ ಒಣಮಾಸ ಎನ್ನುತ್ತೇವೆ. ಬಿಚ್ಚುಮನೆ ಎಂದರೆ ಓಡಿ ಮುಗಿದ ಗಾಡಿಗಳನ್ನು ತಿರುಪು ತಿರುಪಾಗಿ ಬಿಚ್ಚಿ, ಕಬ್ಬಿಣ ಬೇರೆ ತಾಮ್ರ ಬೇರೆ ಮಾಡುವ ಶೆಡ್ಡು. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದೇನೆ. ಹೆಸರು ಕೇದಗೆ. ನಿಮ್ಮ ಕೈಬರಹದ ನೋಟ್‌ಬುಕ್ಕುಗಳನ್ನು ಓದಿ ಓದಿ ನಿಮ್ಮ ಕಾಲದ ಕನ್ನಡ ಕಲಿತಿದ್ದೇನೆ. ಆದರೂ ಕಲಿತ ಮಾತು ಕಲಿತದ್ದೇ, ಎಲ್ಲಾದರೂ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಒರಟುತನ ಎಲ್ಲವೂ ಭಾಷೆಯದ್ದಲ್ಲ, ಸ್ವಲ್ಪ ನನ್ನದೂ ಇದೆ.

ನಮ್ಮ ಮನೆಯಲ್ಲಿ ನಿಮ್ಮ ಫೋಟೋಕ್ಕೆ ವರ್ಷಕ್ಕೊಮ್ಮೆ ಹಾರ ಹಾಕುತ್ತಿದ್ದೆವು. ಪಟ್ಟದಾನೆ ಕಾರಿನ ಕಾರ್ಖಾನೆಯಲ್ಲಿ ಸೀಟು ವಿಭಾಗದ ಮುಖ್ಯಸ್ಥೆ, ಆ ಹುದ್ದೆಗೆ ಬಂದ ಮೊದಲ ಹೆಂಗಸು, ನಮ್ಮ ಮನೆತನದ ಹೆಮ್ಮೆ ಎಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಹೋದ ವರ್ಷದಿಂದ ನಾನು ಹಾರ ಹಾಕುವುದನ್ನು ಬಿಟ್ಟಿದ್ದೇನೆ. ಯಾಕೆಂದು ತಿಳಿಸುವುದಕ್ಕೇ ಈ ಕಾಗದ.

ಪಟ್ಟದಾನೆ ನಿಮಗೆ ಹೊಸದಲ್ಲ, ಆದರೆ ಅದರ ಪೂರ್ತಿ ಆಯುಸ್ಸನ್ನು ನೀವು ನೋಡಿಲ್ಲ. ನಾನು ನೋಡಿದ್ದೇನೆ, ಅದೂ ಹೊಟ್ಟೆ ಬಗೆದು. ೧೯೬೧ರ ಮೊದಲ ಮಾದರಿಯ ಒಂದು ಗಾಡಿ ನಮ್ಮ ಶೆಡ್ಡಿನ ಮೂಲೆಯಲ್ಲಿ ಇನ್ನೂ ಇದೆ. ಹದಿನಾರೂವರೆ ಅಡಿ ಉದ್ದ, ಒಳಗೆ ತೆಂಗಿನ ನಾರು ತುಂಬಿದ ಎರಡು ಉದ್ದ ಬೆಂಚು, ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದೆಯೂ ಮೂವರು ಸಲೀಸಾಗಿ ಕೂರಬಹುದಿತ್ತು. ರುಮಾಲು ಸುತ್ತಿದವರು ರುಮಾಲು ತೆಗೆಯದೆ ಕೂರುವಷ್ಟು ಎತ್ತರದ ಚಾವಣಿ. ರುಮಾಲು ಹೋದ ಮೇಲೆ, ೧೯೮೩ರ ಮಾದರಿಯಲ್ಲಿ ಚಾವಣಿಯೂ ನಾಲ್ಕು ಬೆರಳು ಇಳಿಯಿತು. ತೊಂಬತ್ತೆಂಟರಲ್ಲಿ ಹಿಂದಿನ ಬೆಂಚಿನ ನಡುವೆ ಕೈ ಒರಗಿಸುವ ಮಡಿಕೆ ಬಂತು. ಬೇಕಾದರೆ ಇಳಿಸು, ಜನ ಬಂದರೆ ಎತ್ತು. ಅಲ್ಲಿಯ ತನಕ ಎಲ್ಲ ಬದಲಾವಣೆಗೂ ಒಂದು ಮರ್ಯಾದೆ ಇತ್ತು. ೨೦೫೧ರಲ್ಲಿ ಸ್ಟಿಯರಿಂಗ್ ತೆಗೆದರು, ಊರೆಲ್ಲ ಅತ್ತಿತಂತೆ. ನನಗೆ ಅದೇನೂ ದೊಡ್ಡ ನಷ್ಟ ಅನ್ನಿಸುವುದಿಲ್ಲ, ಗಾಡಿ ತಾನೇ ಓಡಿದರೆ ಓಡಲಿ. ಆಮೇಲೆ ಹಾರ್ನ್ ಹೋಯಿತು, ಅದರ ದನಿ ಮಾತ್ರ ಉಳಿಸಿಕೊಂಡರು. ಬಾನೆಟ್ಟಿನ ಮೇಲೆ ಅಂಬಾರಿ ಹೊತ್ತ ಆನೆ ಇತ್ತಲ್ಲ, ಮೊದಲು ಅಂಬಾರಿಯಲ್ಲಿದ್ದ ಜನ ಮಾಯವಾದರು, ಆಮೇಲೆ ಅಂಬಾರಿ, ಆಮೇಲೆ ಕಾಲುಗಳು. ಈಗ ಒಂದು ಬಾಗಿದ ಗೆರೆ ಇದೆ, ಅದು ಆನೆಯ ಬೆನ್ನೆಂದು ತಿಳಿದವರು ಹೇಳಬೇಕು. ಬೆಂಚು ಹೋಗಿ ಪೀಠಗಳು ಬಂದವು, ಒಬ್ಬೊಬ್ಬರಿಗೆ ಒಂದೊಂದು, ನಡುವೆ ಗಟ್ಟಿ ದಿಂಡು. ಬಾಗಿಲುಗಳ ಒಳಗೆ ಏನೇನೋ ಯಂತ್ರ ತುಂಬಿ ಗೋಡೆ ದಪ್ಪವಾಯಿತು. ಹೊರಗಿನಿಂದ ಅಳೆದರೆ ಇಂದಿಗೂ ಹದಿನಾರೂವರೆ ಅಡಿ. ಆನೆಯೇನೋ ಅದೇ ಆನೆ, ಹೊಟ್ಟೆ ಮಾತ್ರ ಇಲಿಯದ್ದು.

ಇದಕ್ಕೆಲ್ಲ ನೀವೊಬ್ಬರೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪಾಲಿಗೆ ಬರುವುದು ಒಂದೇ ಸಹಿ.

ಕಾರ್ಖಾನೆಯ ಹಳೆಯ ಪದ್ಧತಿ ನಿಮಗೆ ಗೊತ್ತು. ಪ್ರತಿ ವರ್ಷದ ಹೊಸ ಮಾದರಿ ರಸ್ತೆಗಿಳಿಯುವ ಮುಂಚೆ ಆರು ಜನ ಕೆಲಸಗಾರರು ಅದರಲ್ಲಿ ತುಂಬಿ ಕೂರಬೇಕು. ಆಮೇಲೆ ಕ್ಯಾಂಟೀನಿನ ಹೊನ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಹಿಂದಿನ ಬಾಗಿಲು ತೆಗೆದು, "ಒಂಚೂರು ಸರ್ಕೊಳ್ರಿ" ಎಂದು ಕೂತುಬಿಡಬೇಕು. ಹೊನ್ನಮ್ಮ ಸಣ್ಣ ಹೆಂಗಸಲ್ಲ. ಅವರು ಕೂತು ಬಾಗಿಲು ಹಾಕಿಕೊಂಡರೆ ಮಾದರಿ ಪಾಸು. ಬಾಗಿಲು ಬೀಳದಿದ್ದರೆ ಎಂಜಿನಿಯರುಗಳು ಮತ್ತೆ ಪೆನ್ಸಿಲು ಹಿಡಿಯಬೇಕು. ಮೊದಲ ಹೊನ್ನಮ್ಮ ನಿವೃತ್ತರಾದ ಮೇಲೆ ಆ ಜಾಗಕ್ಕೆ ಬಂದವರನ್ನೂ ಆ ಒಂದು ದಿನದ ಮಟ್ಟಿಗೆ ಹೊನ್ನಮ್ಮ ಎಂದೇ ಕರೆದರು. ಅರವತ್ತೈದು ವರ್ಷ ಹೀಗೇ ನಡೆಯಿತು. ಯಾವ ಗಾಡಿಗೂ ಎಷ್ಟು ಜನ ಹಿಡಿಯುತ್ತಾರೆ ಎಂದು ಯಾರೂ ಕೇಳಲಿಲ್ಲ, ಇನ್ನೊಬ್ಬರು ಹಿಡಿಯುತ್ತಾರೆಯೇ ಎಂದಷ್ಟೇ ಕೇಳಿದರು.

೨೦೨೬ರ ಮಾದರಿಗೆ ನೀವು ಮುಂದಿನ ಬೆಂಚನ್ನು ಎರಡು ಸೀಳು ಮಾಡುತ್ತೀರಿ, ಸೀಟಿನಡಿ ಎಣಿಕೆ ಚಾಪೆ ಹಾಸುತ್ತೀರಿ. ಸೊಂಟದ ಪಟ್ಟಿ ಬಿಗಿಯದೆ ಯಾರಾದರೂ ಕೂತರೆ ಗಾಡಿ ಹೊರಡದಂತೆ ಮಾಡುವ ಚಾಪೆ. ನಿಮ್ಮ ಕಾರಣಗಳನ್ನು ಓದಿದ್ದೇನೆ, ಒಂದೂ ಸುಳ್ಳಲ್ಲ. ಅಪಘಾತದಲ್ಲಿ ಮುಂದಿನ ಗಾಜಿಗೆ ಹೋಗಿ ಬಡಿದ ಮಕ್ಕಳ ಪಟ್ಟಿಯನ್ನು ನೀವು ನೋಟ್‌ಬುಕ್ಕಿನ ಮೊದಲ ಹಾಳೆಗೆ ಅಂಟಿಸಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶ್ರಾವಣದ ಒಂದು ಬೆಳಿಗ್ಗೆ ಆ ವರ್ಷದ ಹೊನ್ನಮ್ಮ, ಹೆಸರು ಜೈತುನ್ ಬಿ, ಹೊಸ ಸೀರೆಯುಟ್ಟು ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಈ ವರ್ಷದಿಂದ ಅದು ಬೇಕಿಲ್ಲ ಎಂದು ನೀವು ಹೇಳುತ್ತೀರಿ. "ಹಂಗಾರೆ ಯಾರು ಕುಂತು ನೋಡ್ತಾರ್ರೀ ಮೇಡಂ?" ಎಂದು ಅವರು ಕೇಳುತ್ತಾರೆ. ನೀವು ಉತ್ತರ ಕೊಡದೆ ಒಳಗೆ ಹೋಗಿ, ಪರೀಕ್ಷೆ ಅನಗತ್ಯ ಎಂಬ ಕಾಗದಕ್ಕೆ ಸಹಿ ಹಾಕುತ್ತೀರಿ. ಅವತ್ತಿನ ಪುಟದ ಕೊನೆಗೆ, "ಉತ್ತರ ಕೊಡಬೇಕಿತ್ತು" ಎಂದು ಬರೆದಿದ್ದೀರಿ. ನಿಜ, ಕೊಡಬೇಕಿತ್ತು.

ಈಗ ನಿಮ್ಮ ಮೊಮ್ಮಗಳ ವಿಷಯ. ಅವಳಿನ್ನೂ ಹುಟ್ಟಿಲ್ಲ, ಹುಟ್ಟಲು ಹತ್ತೊಂಬತ್ತು ವರ್ಷವಿದೆ. ಇಳಾ ಎಂದು ನೀವೇ ಹೆಸರಿಡುತ್ತೀರಿ. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ನಿಮ್ಮ ಹಳೆಯ ಪಟ್ಟದಾನೆಯಲ್ಲಿ ಏಳು ಜನ ತುಂಬಿಕೊಂಡು, ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲು ಹೋಗುತ್ತೀರಿ. ಪಟ್ಟಿಯ ಬಕಲ್ಲು ತೊಡೆಗೆ ಒತ್ತುತ್ತಿದ್ದುದನ್ನು ಇಳಾ ಎಪ್ಪತ್ತು ದಾಟಿದ ಮೇಲೂ ನಗುತ್ತ ಹೇಳುತ್ತಿದ್ದರು. ಅವರೇ ನನ್ನ ಅಜ್ಜಿ, ನನಗೆ ಜಡೆ ಹೆಣೆದವರು, ಕೇದಗೆ ಎಂದು ಕರೆದವರು.

ಒಣಮಾಸದಲ್ಲಿ ಬಿಸಿಲು ಗೆರೆ ದಾಟಿದ ದಿನ ನಮ್ಮೂರನ್ನು ಮುಚ್ಚುತ್ತಾರೆ. ಹೊಳೆ ಒಣಗಿರುತ್ತದೆ, ನಲ್ಲಿಯೂ ನಿಲ್ಲುತ್ತದೆ, ಕರೆಂಟೂ ನಿಲ್ಲುತ್ತದೆ. ಮನೆಮನೆಗೆ ಒಂದೊಂದು ಗಾಡಿ ಬಂದು ಜನರನ್ನು ಗುಡ್ಡದ ಮೇಲಿನ ತಂಪೂರಿಗೆ ಕರೆದೊಯ್ಯುತ್ತದೆ. ಗಾಡಿ ಯಾರ ಸ್ವಂತದ್ದೂ ಅಲ್ಲ, ಪಾಳಿಯ ಪ್ರಕಾರ ಬರುತ್ತದೆ. ೨೧೨೨ರಲ್ಲಿ ನಾವು ಆರು ಜನ: ಅಪ್ಪ, ಅವ್ವ, ಅಣ್ಣ, ಏಳು ತಿಂಗಳ ಬಸುರಿ ಅತ್ತಿಗೆ, ಅಜ್ಜಿ, ನಾನು. ಹಿಂದಿನ ವರ್ಷದ ತನಕ ಬರುತ್ತಿದ್ದ ಪಟ್ಟದಾನೆಗೆ ಆರು ಪೀಠ. ಆ ವರ್ಷವೂ ಪಟ್ಟದಾನೆಯೇ ಬರುತ್ತದೆ ಎಂದು ಹೇಳಿದ್ದರು, ಬಂತು. ಅದೇ ಉದ್ದ, ಅದೇ ಬಣ್ಣ, ಅದೇ ಹಾರ್ನಿನ ದನಿ. ಐವರು ಹತ್ತಿ ಕೂತು ಪಟ್ಟಿ ಬಿಗಿದೆವು. ಅಜ್ಜಿ ಒಂದು ಕಾಲು ಒಳಗಿಟ್ಟಾಗ ಬಾಗಿಲು ಮಾತಾಡಿತು: "ಪೀಠ ಐದು, ಜನ ಆರು. ದಯವಿಟ್ಟು ಒಬ್ಬರು ಮುಂದಿನ ಗಾಡಿಗೆ ಕಾಯಿರಿ."

ಮಾತು ಮುಗಿಯುವುದರೊಳಗೆ ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡಿದ್ದರು. "ನೀವು ನಡೀರಿ, ನಾನು ಹಿಂದಿನ ಗಾಡೀಲಿ ಬರ್ತೀನಿ" ಎಂದರು. ಅಪ್ಪ, "ಸಂಜೀಕೆ ಬರ್ತೈತಂತೆ ಕಣವ್ವ" ಎಂದು ಸಮಾಧಾನ ಹೇಳಿದರು. ಅವ್ವ ನೀರಿನ ಬಾಟಲಿ ಕೊಟ್ಟರು. ನನಗೆ ಆಗ ಇಪ್ಪತ್ತೆರಡು ವರ್ಷ, ಮೈಯಲ್ಲಿ ಕಸುವಿತ್ತು, ಬಾಗಿಲ ಪಕ್ಕದಲ್ಲೇ ಕೂತಿದ್ದೆ. ನಾನು ಇಳಿಯಬಹುದಿತ್ತು. ನಾನು ಏನೂ ಮಾಡಲಿಲ್ಲ. ಗಾಡಿ ಹೇಳಿದ ಮೇಲೆ ಮುಗಿಯಿತು ಎಂದು ನಾವೆಲ್ಲ ಬೆಳೆದದ್ದೇ ಹಾಗೆ.

ಸಂಜೆ ಗಾಡಿ ಬರಲಿಲ್ಲ. ಸೇತುವೆಯ ಬುಡದಲ್ಲಿ ಡಾಂಬರು ಕರಗಿ ಎಲ್ಲ ಗಾಡಿಗಳನ್ನೂ ನಿಲ್ಲಿಸಿದ್ದರು. ಮೂರನೆಯ ದಿನ ಹೋದವರಿಗೆ ಅಜ್ಜಿ ಗಾಡಿಕಟ್ಟೆಯ ಕಲ್ಲುಬೆಂಚಿನ ಮೇಲೆ ಸಿಕ್ಕರು. ಜೀವ ಹೋಗಿ ಒಂದು ದಿನವಾಗಿತ್ತಂತೆ. ಬೆಂಚಿನ ಒಂದು ತುದಿಗೆ ಸರಿದು ಕೂತಿದ್ದರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು. ಆ ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವಂತೆ ಆಮೇಲೆ ವಿಚಾರಣೆ ನಡೆಯಿತು. ಗಾಡಿಯದ್ದೇನೂ ತಪ್ಪಿಲ್ಲ ಎಂದು ಬರೆದು ಮುಗಿಸಿದರು. ಆ ಮಾತಿಗೆ ನಾನು ಹದಿನೈದು ವರ್ಷ ಹಲ್ಲು ಕಡಿದೆ. ಹೋದ ವರ್ಷ, ಓಡಿ ಸವೆದ ೨೧೨೨ರ ಪಟ್ಟದಾನೆಯೊಂದು ಬಿಚ್ಚುಮನೆಗೆ ಬಂತು. ಬೇರೆ ಯಾರಿಗೂ ಮುಟ್ಟಗೊಡದೆ ನಾನೇ ಬಿಚ್ಚಿದೆ. ಬಾಗಿಲಿನ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದೆ. ಎಲ್ಲಿಗೂ ಹೋಗುವುದಿಲ್ಲ. ಬಾಗಿಲು ಜನರನ್ನು ನೋಡುತ್ತದೆ, ಮಾತಾಡುತ್ತದೆ, ಅಷ್ಟೇ. ಗಾಡಿಯನ್ನು ನಿಲ್ಲಿಸುವ ಅಧಿಕಾರ ಇರುವುದು ಸೀಟಿನಡಿಯ ಚಾಪೆಗೆ ಮಾತ್ರ. ಚಾಪೆಗೆ ಗೊತ್ತಿರುವುದು ಒಂದೇ: ಯಾರೋ ಕೂತಿದ್ದಾರೆ, ಪಟ್ಟಿ ಬಿಗಿದಿದ್ದಾರೆ. ಒಬ್ಬರ ಮೇಲೆ ಇನ್ನೊಬ್ಬರು ಕೂತರೆ ಅದಕ್ಕೆ ತಿಳಿಯುವುದೇ ಇಲ್ಲ. ಮೂವತ್ತೆಂಟು ಕೆ.ಜಿ. ತೂಕದ ಮುದುಕಿಯನ್ನು ನಾನು ಮಡಿಲಿಗೆಳೆದುಕೊಂಡಿದ್ದರೆ ಗಾಡಿ ತುಟಿಪಿಟಕ್ಕೆನ್ನದೆ ಹೊರಡುತ್ತಿತ್ತು.

ಅವತ್ತೇ ಮನೆಗೆ ಬಂದು ನಿಮ್ಮ ನೋಟ್‌ಬುಕ್ಕುಗಳನ್ನು ಹರವಿಕೊಂಡು ಕೂತೆ. ಚಾಪೆಯ ನಕ್ಷೆಯ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಸಾಲು, ಅಳಿಸಿಹೋಗುವಷ್ಟು ತೆಳ್ಳಗೆ: "ಮಡಿಲನ್ನು ಎಣಿಸುವುದು ಬೇಡ. ಜನ ಹೇಗಿದ್ದರೂ ಕೂರಿಸಿಕೊಳ್ಳುತ್ತಾರೆ." ಅಂದರೆ ನೀವು ಜಾಗ ಬಿಟ್ಟಿದ್ದಿರಿ. ನೂರು ವರ್ಷ, ನಿಮ್ಮ ನಂತರದವರಿಗೆ ಕಾರಣ ಗೊತ್ತಿಲ್ಲದೆಯೂ, ಆ ಜಾಗ ಉಳಿದುಕೊಂಡು ಬಂದಿತ್ತು. ಮೊದಲು ನಿಮ್ಮ ಮೇಲೆ ಮಮತೆ ಉಕ್ಕಿತು, ಆಮೇಲೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಜನ ಕೂರಿಸಿಕೊಳ್ಳುತ್ತಾರೆ ಎಂದು ನಂಬಿದಿರಿ, ಹಾಗೆ ಕೂರಿಸಿಕೊಳ್ಳುವುದನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಮಾಡಿ ತೋರಿಸುತ್ತಿದ್ದ ಹೆಂಗಸನ್ನು ಬಾಗಿಲಿಂದಲೇ ವಾಪಸು ಕಳಿಸಿದಿರಿ. ಬಿಟ್ಟ ಜಾಗವನ್ನು ಯಾರಿಗೂ ಹೇಳಲಿಲ್ಲ. ಮಡಿಲಲ್ಲೇ ಕೂತಿದ್ದ ಇಳಾಗೂ ಹೇಳಲಿಲ್ಲ. ಇದನ್ನು ಮೋಸ ಎನ್ನದೆ ನಾನು ಬೇರೇನೆನ್ನಲಿ? ನಿಮ್ಮನ್ನು ಕೇಳುವ ಬಾಯಲ್ಲೇ ನನ್ನನ್ನೂ ಕೇಳಿಕೊಳ್ಳುತ್ತೇನೆ. ನೀವು ನಂಬಿದ ಜನ ಎಂದರೆ ನಾನೇ ತಾನೇ?

ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ತಿಳಿಯದು. ನಮ್ಮ ಶೆಡ್ಡಿನಲ್ಲಿ ೨೦೨೬ರ ಮಾದರಿಯ ಮೊದಲ ಗಾಡಿಯೇ ಇದೆ, ಅದರ ಹಿಂದಿನ ಸೀಟಿನ ಹೊಲಿಗೆ ಬಿಚ್ಚಿ, ನಾರಿನೊಳಗೆ ಇದನ್ನಿಟ್ಟು ಮತ್ತೆ ಹೊಲಿಯುತ್ತೇನೆ. ಆ ಗಾಡಿಯ ಪ್ರತಿ ಹೊಲಿಗೆಯನ್ನೂ ನೀವು ಸಹಿಗೆ ಮುಂಚೆ ಬೆರಳಾಡಿಸಿ ನೋಡುತ್ತೀರಿ ಎಂದು ನೋಟ್‌ಬುಕ್ಕಿನಲ್ಲಿದೆ. ನನಗಿರುವ ದಾರಿ ಇದೊಂದೇ.

ನಾಳೆ ಊರು ಮುಚ್ಚುತ್ತಾರೆ, ಬೆಳಿಗ್ಗೆ ಏಳಕ್ಕೆ ನಮ್ಮ ಗಾಡಿ. ಈ ವರ್ಷದ ಪಟ್ಟದಾನೆಗೆ ನಾಲ್ಕೇ ಪೀಠ. ಅಪ್ಪ ತೀರಿಕೊಂಡರು. ಅವ್ವ, ಅಣ್ಣ, ಅತ್ತಿಗೆ, ಅವರ ಹದಿನಾರರ ಮಗಳು ಮತ್ತು ನಾನು, ಒಟ್ಟು ಐದು ಜನ. ಅವ್ವ ಆಗಲೇ "ನಾನು ಹಿಂದಿನ ಗಾಡೀಲಿ ಬರ್ತೀನಿ ಬಿಡು" ಎನ್ನಲು ಶುರುಮಾಡಿದ್ದಾರೆ. ಹೊಸ ಮಾದರಿ ಇನ್ನೂ ಬಿಚ್ಚುಮನೆಗೆ ಬಂದಿಲ್ಲ, ಅದರ ಚಾಪೆಯಲ್ಲಿ ನೀವು ಬಿಟ್ಟ ಜಾಗ ಉಳಿದಿದೆಯೋ, ಯಾರಾದರೂ ಜಾಣರು ಮುಚ್ಚಿಹಾಕಿದ್ದಾರೋ ನನಗೆ ಗೊತ್ತಿಲ್ಲ. ಪೆನ್ಸಿಲ್ಲಿನ ಸಾಲನ್ನು ಯಾರು ಕಾಯುತ್ತಾರೆ?

ಆದ್ದರಿಂದ ಕೇಳುತ್ತೇನೆ. ಹೊಸ ಮಾದರಿಯೇ ಬೇಡ ಎನ್ನುವುದಿಲ್ಲ, ಪಟ್ಟಿಯೂ ಚಾಪೆಯೂ ಇರಲಿ, ಮಕ್ಕಳು ಬದುಕಲಿ. ಮಡಿಲಿನ ಮಾತನ್ನು ಮಾತ್ರ ಅಂಚಿನಿಂದ ತೆಗೆದು, ಮುಂದಿನ ಎಲ್ಲ ಮಾದರಿಗೂ ಅನ್ವಯಿಸುವ ಕಾಗದದಲ್ಲಿ ಶಾಯಿಯಲ್ಲಿ ಬರೆಯಿರಿ. ಜೈತುನ್ ಬಿ ಅವರನ್ನು ಒಳಗೆ ಕರೆಯಿರಿ. ಅವರು ಕೂರಲಿ, ಉಳಿದವರು ಸರಿಯಲಿ.

ನಾಳೆ ಬಾಗಿಲು ಏನು ಹೇಳಿದರೂ ನಾನು ಅವ್ವನನ್ನು ನನ್ನ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ. ಗಾಡಿ ಹೊರಟರೆ, ನೀವು ಬರೆದಿರಿ ಎಂದು ತಿಳಿದು ನಿಮ್ಮ ಫೋಟೋಕ್ಕೆ ಮತ್ತೆ ಹಾರ ಹಾಕುತ್ತೇನೆ. ಹೊರಡದಿದ್ದರೆ, ಈ ಸಲ ಇಳಿಯುವವಳು ನಾನು.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಕೇದಗೆ