ಬಾರಿಕಂಟಿಯ ಬೂದಿರೋಗ

೨೧ ನವೆಂಬರ್, ಶುಕ್ರವಾರ

ರೋಗ ಬಂದ ಕಂಟಿಯನ್ನು ಕಡಿದು ಸುಡಬೇಕೆಂದು ಕೃಷಿ ಇಲಾಖೆಯ ಕರಪತ್ರದಲ್ಲಿತ್ತು. ಅದನ್ನೇ ನಂಬಿ ಕಲಬುರಗಿಯಿಂದ ಕಮಲಾಪುರದ ಗುಡ್ಡಕ್ಕೆ ಹೋದೆ. ಬೋರೆಹಣ್ಣು ಬಿಡುವ ಬಾರಿಕಂಟಿಗಳ ಮೇಲೆಲ್ಲ ಬಿಳಿ ಬೂದಿರೋಗ. ಈ ಹಣ್ಣು ಮಾರಿಯೇ ಗುಡ್ಡದ ಮುದುಕಿ ಬಂಡೆಮ್ಮಾಯಿಯ ಚಳಿಗಾಲ ಸಾಗಬೇಕು. ಎಲ್ಲಕ್ಕಿಂತ ಹೆಚ್ಚು ರೋಗ ಬಡಿದ ಕಂಟಿಗೆ ಕೊಡಲಿ ಎತ್ತಿದೆ.

“ತಡಿ ಯವ್ವಾ! ಕಾಗದ ಅಷ್ಟೇ ನೋಡಿದಿ, ಎಲಿ ನೋಡಿಲ್ಲ ನೀ,” ಎಂದು ಆಯಿ ಕೈ ಹಿಡಿದಳು.

ಎಲೆಯ ಮೇಲೆ ಜೋಳದ ಕಾಳಿನಷ್ಟು ಹಳದಿ ಹುಳುಗಳು ಬೂದಿ ಮೇಯುತ್ತಿದ್ದವು. ಅವು ದಾಟಿದಲ್ಲೆಲ್ಲ ಹಸಿರು!

“ಇದೊಂದು ಕಂಟಿ ನಾ ಯಾವ ವರ್ಷಾನೂ ಮುಟ್ಟಂಗಿಲ್ಲ. ಇಲ್ಲಿಂದಾನ ಉಳದ ಕಂಟಿಗಿ ಹೋಗ್ತಾವ ಇವು.”

ಸುಟ್ಟಿದ್ದರೆ ಇವನ್ನೇ ಸುಡುತ್ತಿದ್ದೆ. ಕೊಡಲಿ ಕೆಳಗಿಟ್ಟು ಸಂಜೆಯವರೆಗೂ ನೋಡುತ್ತ ಕೂತೆ.

ಒಂದು ಹುಳು ನನ್ನ ತೋಳಿನ ಮೇಲೆ ಮನೆಗೇ ಬಂದಿದೆ. ಬೆಳಗಾಗುತ್ತಲೇ ಗುಡ್ಡಕ್ಕೆ ಮುಟ್ಟಿಸಬೇಕು. ಅಲ್ಲಿಯವರೆಗೆ ಇದಕ್ಕೆ ಮೇಯಲು ಬೂದಿ ಎಲ್ಲಿಂದ ತರಲಿ?