ಗಾಲಿಗೆ ಇಟ್ಟ ಲಿಂಬೆಹಣ್ಣು

ನವನಗರ, ಬಾಗಲಕೋಟೆ
ಸೋಮವಾರ, ೧೭ ನವೆಂಬರ್ ೨೦೨೫

ಸೃಷ್ಟಿಯ ಅಪ್ಪನಿಗೆ, ಪದ್ಮಶ್ರೀ ಮಾಡುವ ಶರಣಾರ್ಥಿ.

ಹೇಗಿದ್ದೀರಿ? ಆ ಗುಡ್ಡದ ಚಳಿಗೆ ಕೈ ಬಿರಿಯುತ್ತಿವೆ ಅಂದಿದ್ದಿರಿ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀರೋ ಇಲ್ಲವೋ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ನಿದ್ದೆಯ ಮಾತನ್ನು ಸುಮ್ಮನೆ ಕೇಳಿಲ್ಲ, ಮುಂದೆ ಬರೆಯುತ್ತೇನೆ. ಇಲ್ಲಿ ನಾವೆಲ್ಲ ಆರಾಮ. ಮಾವನವರ ಮೊಣಕಾಲು ನೋವು ಟ್ರಕ್ಕಿನ ಮಾತು ಬಂದ ಕೂಡಲೇ ಮಾಯವಾಗುತ್ತದೆ. ಫೋನ್ ಇದ್ದೂ ಪತ್ರ ಯಾಕೆ ಅಂತೀರೇನೋ. ನಿಮ್ಮ ಫೋನ್ ಬಂದರೆ ಅವರು ಸ್ಪೀಕರಿಗೆ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ. ನನಗೆ ಹೇಳಬೇಕಾದ್ದು ಓಣಿಗೆ ಕೇಳಬಾರದು.

ನೀವು ಹೇಳಿದ ಹಾಗೆ, ಪೆನ್ಶನ್ ಆದ ಮೇಲೆ ನಾವೆಲ್ಲ ದೇಶ ಸುತ್ತುವ ಮನೆಗಾಡಿಗೆ ಟ್ರಕ್ ನೋಡಲು ಇಳಕಲ್ಲಿನ ಅಹ್ಮದಸಾಬರ ಹಳೇ ಗಾಡಿಗಳ ಯಾರ್ಡಿಗೆ ಹೋಗಿ ಬಂದೆವು. ಅಲ್ಲಿ ಎರಡು ಗಾಡಿ. ಒಂದು ಕಲ್ಲಿನ ಖಣಿಯಲ್ಲಿ ದುಡಿದ ಉದ್ದನೆಯ ಲಾರಿ. ಅದರ ಮೇಲೆ ಮನೆ ಕಟ್ಟಿಸಿದರೆ ಮಾವನವರಿಗೊಂದು ಮಂಚ, ನಮಗೊಂದು, ಒಲೆ, ನೀರಿನ ಟಾಕಿ ಎಲ್ಲ ಹಿಡಿಸುತ್ತವೆ, ಮೇಲಾಗಿ ಅದು ನೆಲಕ್ಕೆ ಹತ್ತಿರ. ಇನ್ನೊಂದು ಮಿಲಿಟರಿಯವರು ಲಿಲಾವಿನಲ್ಲಿ ಮಾರಿದ ಟ್ರಕ್ಕು, ನಾಲ್ಕೂ ಗಾಲಿ ಎಳೆಯುವಂಥದ್ದು, ಅಟ್ಟ ಹತ್ತಿದ ಹಾಗೆ ಹತ್ತಬೇಕು. ನನ್ನ ಮನಸ್ಸು ಲಾರಿಯ ಕಡೆ. ಮಾವನವರದು ಮಿಲಿಟರಿ ಕಡೆ. ಎತ್ತಿನ ಪೇಟೆಯಲ್ಲಿ ವಯಸ್ಸು ಕಳೆದವರಲ್ಲವೇ, ಟ್ರಕ್ಕಿನ ಸುತ್ತ ತಿರುಗಿ, ಚಾಸಿಯ ಕೆಳಗೆ ಕೈಯಾಡಿಸಿ, ಗಾಲಿಯನ್ನು ಚಪ್ಪರಿಸಿದರು. ಬಾಯಿ ತೆರೆದು ಹಲ್ಲು ನೋಡುವುದೊಂದು ಬಾಕಿ ಇತ್ತು. ಡಾಂಬರು ಮುಗಿದ ಮೇಲೆಯೇ ನಮ್ಮ ಗಾಡಿ ಖರೆ ಚಾಲೂ ಆಗಬೇಕು ಎಂಬ ನಿಮ್ಮ ಮಾತನ್ನು ನನಗೇ ಮತ್ತೆ ಮತ್ತೆ ಹೇಳಿದರು.

ಅಹ್ಮದಸಾಬರು ಒಂದು ದಿನ ಓಡಿಸಿ ನೋಡಿರಿ ಅಂತ ಡ್ರೈವರ್ ಪಾಂಡಪ್ಪನ ಜೊತೆ ಮಿಲಿಟರಿ ಗಾಡಿಯನ್ನೇ ಕೊಟ್ಟು ಕಳಿಸಿದರು. ಎಂಟನೇ ತಾರೀಖು ಶನಿವಾರ ಬಾದಾಮಿಯ ಕಡೆ ಹೊರಟೆವು. ಕುಳಗೇರಿ ಕ್ರಾಸ್ ದಾಟಿದ ಮೇಲೆ ಕಚ್ಚಾ ದಾರಿಯ ಏರು ಬರುತ್ತದಲ್ಲ, ಅದರ ಮೇಲೆ ಪಾಂಡಪ್ಪ ಗಾಡಿ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಸಡಿಲಾಗಿದೆ ಅಂತ ಹಿಂದಿನ ಗಾಲಿಗಳಿಗೆ ದಪ್ಪ ಕಲ್ಲು ಕೊಟ್ಟು, ನೀರು ತರಲು ಹೊಲದ ಬಾವಿಗೆ ಇಳಿದ. ಸೃಷ್ಟಿ ಡ್ರೈವರ್ ಸೀಟಿನಲ್ಲಿ ಕುಳಿತು ಸ್ಟೇರಿಂಗ್ ತಿರುಗಿಸುತ್ತಿದ್ದಳು. ನಾನು ಕೆಳಗೆ ಬುತ್ತಿ ಬಿಚ್ಚುತ್ತಿದ್ದೆ. ಮಾವನವರು ಚೀಲದಿಂದ ಲಿಂಬೆಹಣ್ಣು ತೆಗೆದರು. ಪೂಜೆಯಿಲ್ಲದೆ ಗಾಡಿ ನಮ್ಮದಾಗುವುದು ಹೇಗೆ? ಪ್ರತಿ ಗಾಲಿಗೂ ಒಂದೊಂದು ಇಡುತ್ತ ಹಿಂದೆ ಹೋದರು. ಹಣ್ಣಿನ ಜಾಗದಲ್ಲಿ ಕಲ್ಲು ಇತ್ತು. ದೇವರ ಹಣ್ಣಿಡುವಲ್ಲಿ ಕಲ್ಲೇಕೆ ಅಂತ ಕಾಲಿನಿಂದ ಅದನ್ನು ಬದಿಗೆ ಒದ್ದು ಹಣ್ಣಿಟ್ಟರು. ಆ ಕಡೆಯದನ್ನೂ ಹಾಗೆಯೇ ತೆಗೆದರು.

ಹಣ್ಣು ಚಿಟ್ ಅಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಗಾಡಿ ಹಿಂದಕ್ಕೆ ಜಾರತೊಡಗಿತು. ಪುಣ್ಯಕ್ಕೆ ಮಾವನವರು ಅಷ್ಟರಲ್ಲಿ ಬದಿಗೆ ಬಂದಿದ್ದರು. ನಾನು ಬುತ್ತಿ ಚೆಲ್ಲಿ ಓಡಿದೆ. ಓಡಿ ಏನು ಮಾಡುವವಳಿದ್ದೆ, ಆ ಆನೆಯನ್ನು ಸೆರಗಿನಲ್ಲಿ ಹಿಡಿಯುವವಳಿದ್ದೆನೇ? ಸೃಷ್ಟಿ, ಸೃಷ್ಟಿ ಅಂತ ಕೂಗಿದೆ. ಅವಳು ಸ್ಟೇರಿಂಗ್ ಬಿಗಿಹಿಡಿದು, ಕಣ್ಣು ತೆರೆದುಕೊಂಡೇ ಮುಂದೆ ನೋಡುತ್ತಿದ್ದಳು, ಓ ಅನ್ನಲಿಲ್ಲ. ಗಾಡಿ ಜೋಳದ ಹೊಲಕ್ಕೆ ಇಳಿದು, ಬದುವಿಗೆ ಬಡಿದು ನಿಂತಿತು. ಮಗುವಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಎತ್ತಿಕೊಂಡಾಗ ಅತ್ತಳು, ಈಗ ಓಣಿಯ ಹುಡುಗರಿಗೆಲ್ಲ ಕಥೆ ಹೇಳುತ್ತಿದ್ದಾಳೆ. ಮಾವನವರು ಮಾತ್ರ ಗಾಡಿಯನ್ನು ಸುತ್ತಿ ಬಂದು, "ನೋಡವಾ, ಒಂದು ಗೀರು ಬಿದ್ದಿಲ್ಲ. ಇದ ಇರಲಿ" ಅಂದರು. ಸಿಟ್ಟಿಗೆ ನನ್ನ ಬಾಯಿಂದ ಏನೇನೋ ಬಂತು. ಮದುವೆಯಾದಾಗಿನಿಂದ ಅವರಿಗೆ ಎದುರಾಡಿದವಳಲ್ಲ ನಾನು. ಅವರು ಬಗ್ಗಿ ನಾನು ಚೆಲ್ಲಿದ ಬುತ್ತಿ ಆರಿಸತೊಡಗಿದರು. ಅದೇ ಹೊಲದ ಹಸಿ ಎರೆಮಣ್ಣಿನಿಂದ ಪಾಂಡಪ್ಪ ಗಾಡಿಯನ್ನು ಯಾರ ಸಹಾಯವೂ ಇಲ್ಲದೆ ಹೊರತಂದದ್ದೂ ಖರೆ. ಲಾರಿಯಾಗಿದ್ದರೆ ಅಲ್ಲಿಯೇ ಹುಗಿದುಹೋಗುತ್ತಿತ್ತು.

ಆದರೆ ಅಂದಿನಿಂದ ನನ್ನ ಕಣ್ಣಿಗೆ ಕಟ್ಟಿದ್ದು ಗಾಡಿಯಲ್ಲ, ಮಗಳ ಆ ಮುಖ. ಕಳೆದ ರಜೆಯಲ್ಲಿ ಅದೇ ಕುಳಗೇರಿ ಕ್ರಾಸಿನಲ್ಲಿ, ನೀವು ನಿಮ್ಮ ಕಾಕಾನ ಕಾರು ಓಡಿಸುತ್ತಿದ್ದಾಗ, ನಿಮ್ಮದೂ ಅದೇ ಮುಖವಾಗಿದ್ದನ್ನು ಕಂಡಿದ್ದೆ. ಮಗಳು ಹೆದರಿ ಹಾಗಾಗಿದ್ದಳು. ನೀವು ಯಾತಕ್ಕೆ? ಕರೆದೆ, ಭುಜ ಅಲುಗಿಸಿದೆ, ನೀವು ಇರಲೇ ಇಲ್ಲ. ಕಾರು ರಸ್ತೆ ಬಿಟ್ಟು ಜಾಲಿಗಿಡಕ್ಕೆ ತಾಗಿದ ಮೇಲೆ ಎಚ್ಚರಾಗಿ, "ನಿದ್ದಿ ಹತ್ತಿತ್ತ. ಅಪ್ಪಗ ಹೇಳಬ್ಯಾಡ" ಅಂದಿರಿ. ರೀ, ನಿದ್ದೆ ಹತ್ತಿದವರ ಕಣ್ಣು ತೆರೆದಿರುತ್ತದೆಯೇ? ಅಪ್ಪನಿಗೆ ನಾನು ಹೇಳಿಲ್ಲ. ಇಂದಿಗೂ ನೀವು ಅಲ್ಲಿ ಘಾಟಿನಲ್ಲಿ ಜವಾನರನ್ನು ಹಿಂದೆ ಕೂರಿಸಿಕೊಂಡು ಓಡಿಸುತ್ತಿದ್ದೀರಿ. ಅವರ ಮನೆಗಳಲ್ಲೂ ನನ್ನಂಥವರು ಕಾಯುತ್ತಿದ್ದಾರೆ. ನನಗೆ ಭಯವಾಗುತ್ತದೆ, ಭಾಳ ಭಯವಾಗುತ್ತದೆ. ಫೋನ್ ರಿಂಗಾದರೆ ಎತ್ತಲು ಕೈ ಬರುವುದಿಲ್ಲ. ಈ ಪತ್ರ ಮುಟ್ಟಿದ ದಿನವೇ ಅಲ್ಲಿಯ ಡಾಕ್ಟರಿಗೆ ಎಲ್ಲ ಹೇಳಿರಿ. ಗಾಡಿಯಿಂದ ಇಳಿಸಿದರೆ ಇಳಿಸಲಿ, ಅಡುಗೆ ಕೋಣೆಗೆ ಹಾಕಿದರೆ ಹಾಕಲಿ. ಯುಗಾದಿಗೆ ಪೆನ್ಶನ್ ಆಗಿ ನಡೆದುಕೊಂಡು ಮನೆಗೆ ಬನ್ನಿರಿ, ನನಗೆ ಅಷ್ಟೇ ಸಾಕು.

ಮಾವನವರ ಆಶೀರ್ವಾದ, ಸೃಷ್ಟಿಯ ಮುತ್ತು. ಕೊಬ್ಬರಿ ಎಣ್ಣೆ ಮರೆಯಬೇಡಿ.

ನಿಮ್ಮ,
ಪದ್ಮಶ್ರೀ

ತಾ.ಕ.: ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮಿಲಿಟರಿ ಟ್ರಕ್ಕನ್ನೇ ಒಪ್ಪಿಕೊಂಡೆ. ಬ್ರೇಕ್ ಹೊಸದು ಹಾಕಿಸಿಯೇ ಕೊಡಬೇಕು ಅಂತ ಅಹ್ಮದಸಾಬರಿಗೆ ಹೇಳಿದ್ದೇನೆ. ನಾನು ಗಾಡಿ ಕಲಿಯಲು ಸೇರಿದ್ದೇನೆ. ಮೊದಲು ಸಣ್ಣದು, ಆಮೇಲೆ ದೊಡ್ಡದು. ದಿನಾ ಕೈ ಬೆವರುತ್ತವೆ, ಆದರೂ ಹೋಗುತ್ತೇನೆ. ಟ್ರಕ್ಕಿನ ಪೆಡಲು ನನ್ನ ಕಾಲಿಗೆ ಎಟಕಲಿಲ್ಲ. ಅದಕ್ಕೆ ಸೀಟನ್ನು ನನ್ನ ಅಳತೆಗೆ ಮುಂದೆ ಸರಿಸಿ ಕೂರಿಸಲು ಹೇಳಿದ್ದೇನೆ. ನೀವು ಬಂದಾಗ ಅಲ್ಲಿ ನಿಮ್ಮ ಮೊಣಕಾಲು ಹಿಡಿಸುವುದಿಲ್ಲ. ಅದನ್ನು ಹಿಂದೆ ಸರಿಸಬೇಡಿ.